ಎರಡು ನಿಮಿಷದ ಸೆಕೆ

ವಿಮಾನದ ಬಾಗಿಲು ಹಾಕಿಯಾಗಿದೆ. ಎಲ್ಲರೂ ಬೆಲ್ಟು ಬಿಗಿದುಕೊಂಡಿದ್ದೇವೆ. ಕೆಳಗಿನ ಟ್ರ್ಯಾಕ್ಟರ್ ವಿಮಾನವನ್ನು ಮೆಲ್ಲಗೆ ಹಿಂದಕ್ಕೆ ತಳ್ಳತೊಡಗುತ್ತದೆ. ಅಷ್ಟು ಹೊತ್ತೂ ತಲೆಯ ಮೇಲಿಂದ ಸುಯ್ಯೆಂದು ಬೀಸುತ್ತಿದ್ದ ತಂಪುಗಾಳಿ ಸರಿಯಾಗಿ ಆ ಹೊತ್ತಿಗೇ ಕುಗ್ಗುತ್ತದೆ. ಒಂದು ಸದ್ದು ಅಡಗಿದ್ದೇ ತಡ, ಅದರಡಿ ಮುಚ್ಚಿಹೋಗಿದ್ದ ಸದ್ದುಗಳೆಲ್ಲ ಮೇಲೆ ಬರುತ್ತವೆ. ಯಾರದೋ ಕೆಮ್ಮು, ಹಿಂದಿನ ಸಾಲಿನ ಕೂಸಿನ ರಗಳೆ, ಮೇಲಿನ ಗೂಡಿನಲ್ಲಿ ಜಾರಿದ ಚೀಲ. ಮೇ ತಿಂಗಳ ಮಧ್ಯಾಹ್ನವಾದರೆ ನಿಮಿಷದೊಳಗೆ ಕುತ್ತಿಗೆಯಲ್ಲಿ ಬೆವರು. ಸುರಕ್ಷತೆಯ ಸೂಚನೆಗಳಿರುವ ಕಾರ್ಡನ್ನೇ ಬೀಸಣಿಗೆ ಮಾಡಿಕೊಂಡವರು ಅಲ್ಲಲ್ಲಿ ಕಾಣುತ್ತಾರೆ. ಪಕ್ಕದ ಸೀಟಿನ ಹಿರಿಯರೊಬ್ಬರು ಕೈ ಚಾಚಿ, ಗಾಳಿ ಬರುವ ಗುಂಡಿಯನ್ನು ಅತ್ತಿತ್ತ ತಿರುಗಿಸಿ, "ಕೆಟ್ಟುಹೋಯಿತೇನೋ" ಎಂದು ಗೊಣಗುತ್ತಾರೆ.

ಏನೂ ಕೆಟ್ಟಿರುವುದಿಲ್ಲ. ಆ ಗಾಳಿಯನ್ನು ನಮ್ಮಿಂದ ಸ್ವಲ್ಪ ಹೊತ್ತಿಗೆ ಕಡ ತೆಗೆದುಕೊಂಡಿದ್ದಾರೆ. ಯಾಕೆ, ಯಾರಿಗಾಗಿ ಎಂಬುದನ್ನು ತಿಳಿದುಕೊಂಡರೆ ಆ ಸೆಕೆಯನ್ನು ತಾಳಿಕೊಳ್ಳುವುದು ಹಗುರವಾಗುತ್ತದೆ.

ನೆಲದ ಮೇಲೆ ನಿಂತ ವಿಮಾನಕ್ಕೆ ಗಾಳಿಯನ್ನೂ ಕರೆಂಟನ್ನೂ ಕೊಡುವುದು ಸಾಮಾನ್ಯವಾಗಿ ಬಾಲದ ತುದಿಯಲ್ಲಿ ಕೂತಿರುವ ಒಂದು ಪುಟ್ಟ ಎಂಜಿನ್. ವಿಮಾನದವರು ಅದನ್ನು ಎಪಿಯು ಎನ್ನುತ್ತಾರೆ. ನಿಲ್ದಾಣದ ಗಾಜಿನ ಗೋಡೆಯಾಚೆ ನಿಂತ ವಿಮಾನದ ಬಾಲದ ಕೊನೆಯಲ್ಲಿ ಒಂದು ತೂತು ಕಾಣುತ್ತದಲ್ಲ, ಅದರ ಹಿಂದಿನ ಆಕಾಶ ಬಿಸಿಗೆ ತೊನೆದಾಡುತ್ತಿರುತ್ತದಲ್ಲ, ಅದು ಇದರ ಹೊಗೆಕೊಳವೆ. ಈ ಎಂಜಿನ್ ಗಾಳಿಯನ್ನು ಒತ್ತಿ, ಬಿಸಿಯಾದ ಆ ಗಾಳಿಯನ್ನು ಕೊಳವೆಗಳ ಮೂಲಕ ಮುಂದಕ್ಕೆ ಕಳಿಸುತ್ತದೆ. ರೆಕ್ಕೆಗಳ ಬುಡದಲ್ಲಿ, ವಿಮಾನದ ಹೊಟ್ಟೆಯೊಳಗೆ, 'ಪ್ಯಾಕ್' ಎಂಬ ಎರಡು ಯಂತ್ರಗಳು ಅದನ್ನು ಬರಮಾಡಿಕೊಳ್ಳುತ್ತವೆ. ಇವುಗಳಲ್ಲಿ ತಂಪು ಮಾಡುವ ಬೇರೆ ಅನಿಲವೇನೂ ಇಲ್ಲ. ಬಿಸಿಗಾಳಿಯನ್ನೇ ಇನ್ನಷ್ಟು ಒತ್ತಿ, ಹೊರಗಿನ ಗಾಳಿ ತಾಗಿಸಿ ಅದರ ಕಾವು ಕಳೆದು, ಆಮೇಲೆ ಒಂದು ಸಣ್ಣ ಟರ್ಬೈನನ್ನು ತಿರುಗಿಸುತ್ತ ಹಿಗ್ಗಲು ಬಿಡುತ್ತಾರೆ. ಹಿಗ್ಗಿದ ಗಾಳಿ ತಟ್ಟನೆ ತಣ್ಣಗಾಗುತ್ತದೆ. ಮಳೆಗಾಲದಲ್ಲಿ ಮಂಗಳೂರಿನಂಥ ಊರುಗಳಲ್ಲಿ ವಿಮಾನ ಹತ್ತಿ ಕೂತಾಗ ಮೇಲಿನ ಸಂದಿಗಳಿಂದ ಬಿಳಿ ಹಬೆ ಇಳಿದುಬಂದು ಕೆಲವರನ್ನು ಗಾಬರಿಗೊಳಿಸುವುದುಂಟು. ಅದು ಹೊಗೆಯಲ್ಲ. ಗಾಳಿಯಲ್ಲಿನ ತೇವ ಆ ತಂಪಿಗೆ ಮಂಜಾಗಿ ಕಾಣುವುದು ಅಷ್ಟೆ.

ಇನ್ನು ರೆಕ್ಕೆಯ ಕೆಳಗಿನ ದೊಡ್ಡ ಎಂಜಿನ್‌ಗಳ ಮಾತು. ಅಷ್ಟು ಬಲದ ಎಂಜಿನ್ ತಾನಾಗಿ ಎದ್ದು ಓಡಲಾರದು. ಮೊದಲು ಅದರ ತಿರುಳನ್ನು ಯಾರಾದರೂ ತಿರುಗಿಸಿ ಕೊಡಬೇಕು. ಏರ್‌ಬಸ್ ಎ320, ಬೋಯಿಂಗ್ 737 ಮುಂತಾದ, ನಾವು ನೀವು ದಿನನಿತ್ಯ ಹತ್ತುವ ವಿಮಾನಗಳಲ್ಲಿ ಆ ಕೆಲಸಕ್ಕೆ ಬಳಸುವುದು ಗಾಳಿಯನ್ನೇ. ಬಾಲದ ಪುಟ್ಟ ಎಂಜಿನ್ ಕಳಿಸುವ ಅದೇ ಗಾಳಿ ಸ್ಟಾರ್ಟರ್ ಎಂಬ ಚಿಕ್ಕ ಟರ್ಬೈನಿಗೆ ನುಗ್ಗಿ, ಹಲ್ಲುಗಾಲಿಗಳ ಮೂಲಕ ದೊಡ್ಡ ಎಂಜಿನ್ನಿನ ತಿರುಳನ್ನು ತಿರುಗಿಸುತ್ತದೆ. 737ರ ಕಾಕ್‌ಪಿಟ್‌ನಲ್ಲಿ ಪೈಲಟ್ ತಲೆಯ ಮೇಲಿನ ಫಲಕದ ಗುಂಡಿಯೊಂದನ್ನು 'ಗ್ರೌಂಡ್' ಎಂಬಲ್ಲಿಗೆ ತಿರುಗಿಸಿ, ಮುಂದಿನ ಪರದೆಯ ಮೇಲೆ ಕಣ್ಣು ನೆಟ್ಟು ಕೂರುತ್ತಾರೆ. ತಿರುಗುವ ವೇಗ ಶೇಕಡ 25ರ ಹತ್ತಿರ ಬಂದಾಗ ಇಂಧನದ ಸನ್ನೆಯನ್ನು ಮೇಲೆತ್ತುತ್ತಾರೆ. ಒಳಗೆ ಕಿಡಿ ತಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ, ಉಷ್ಣತೆಯ ಮುಳ್ಳು ಸರಸರನೆ ಏರುತ್ತದೆ. ವೇಗ ಶೇಕಡ 56 ಆದಾಗ, ಮೊದಲು ತಿರುಗಿಸಿದ ಗುಂಡಿ 'ಟಿಕ್' ಎಂದು ತಾನೇ ಹಿಂದಕ್ಕೆ ಹಾರುತ್ತದೆ. ಇನ್ನು ನಿನ್ನ ನೆರವು ಬೇಡ, ನನ್ನ ಕಾಲ ಮೇಲೆ ನಾನು ನಿಂತೆ ಎಂದು ಎಂಜಿನ್ ಸ್ಟಾರ್ಟರಿಗೆ ಹೇಳುವ ಗಳಿಗೆ ಅದು. ಒಂದೊಂದು ಎಂಜಿನ್ನಿಗೆ ಹೆಚ್ಚುಕಡಿಮೆ ಒಂದು ನಿಮಿಷ.

ಈ ಒಂದು ನಿಮಿಷದಲ್ಲಿ ಗಾಳಿಯ ಒತ್ತಡ ಸಾಲದೆ ಹೋದರೆ ಏನಾಗುತ್ತದೆ? ತಿರುಳು ನಿಧಾನವಾಗಿ ತಿರುಗುತ್ತದೆ. ಒಳಗೆ ಬೆಂಕಿ ಇದೆ, ಆ ಬೆಂಕಿಯ ಕಾವನ್ನು ಹೊತ್ತೊಯ್ಯುವಷ್ಟು ಗಾಳಿ ಇಲ್ಲ. ಉಷ್ಣತೆ ಮಿತಿ ಮೀರುತ್ತದೆ. 737ರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸಿಎಫ್‌ಎಂ56 ಎಂಜಿನ್ನಿಗೆ ನೆಲದ ಮೇಲೆ ಶುರುಮಾಡುವಾಗಿನ ಮಿತಿ 725 ಡಿಗ್ರಿ ಸೆಲ್ಸಿಯಸ್. ಅದನ್ನು ದಾಟಿದರೆ ಪೈಲಟ್ ಇಂಧನ ನಿಲ್ಲಿಸಿ ಶುರುವಾತನ್ನೇ ಕೈಬಿಡಬೇಕು. ಆಮೇಲೆ ತಪಾಸಣೆ, ವಿಳಂಬ, ಕೆಲವೊಮ್ಮೆ ದುಬಾರಿ ದುರಸ್ತಿ. ಆದ್ದರಿಂದಲೇ ಆ ಹೊತ್ತಿಗೆ ಪ್ಯಾಕ್‌ಗಳ ಕವಾಟ ಮುಚ್ಚಿ, ಇದ್ದ ಗಾಳಿಯನ್ನೆಲ್ಲ ಸ್ಟಾರ್ಟರ್ ಕಡೆಗೆ ತಿರುಗಿಸುತ್ತಾರೆ. ಕ್ಯಾಬಿನ್ನಿನ ಒಳಗಿನ ಗಾಳಿ ಫ್ಯಾನುಗಳಿಂದ ಸುತ್ತುತ್ತಲೇ ಇರುತ್ತದೆ. ಹೊಸದಾಗಿ ತಂಪು ಬರುವುದು ಮಾತ್ರ ನಿಲ್ಲುತ್ತದೆ. ಸುಮ್ಮನೆ ಕೂತ ಮನುಷ್ಯನೊಬ್ಬ ಸುಮಾರು ನೂರು ವಾಟ್‌ನಷ್ಟು ಶಾಖ ಹೊರಹಾಕುತ್ತಾನೆ. ನೂರೆಂಬತ್ತು ಜನ ತುಂಬಿದ, ಬಿಸಿಲಿಗೆ ಕಾದ ಲೋಹದ ಕೊಳವೆಯೊಳಗೆ ಎರಡು ನಿಮಿಷಕ್ಕೇ ಸೆಕೆ ಎನಿಸುವುದು ಸಹಜ.

ಇಲ್ಲಿ ಎರಡು ಬಗೆಯ ವಿಮಾನಗಳ ನಡವಳಿಕೆಯನ್ನು ನೋಡುವುದು ಒಳ್ಳೆಯದು. ಎ320ರಲ್ಲಿ ಪೈಲಟ್ ಎಂಜಿನ್ ಶುರುಮಾಡುವ ಗುಂಡಿಯನ್ನು ತಿರುಗಿಸಿದೊಡನೆ ಪ್ಯಾಕ್‌ಗಳ ಕವಾಟಗಳು ತಾವೇ ಮುಚ್ಚಿಕೊಳ್ಳುತ್ತವೆ. ಎಂಜಿನ್ ಎದ್ದ ಮೇಲೆ ತಾವೇ ತೆರೆದುಕೊಳ್ಳುತ್ತವೆ. ಒಂದು ಎಂಜಿನ್ ಶುರುವಾದ ಕೂಡಲೇ ತೆರೆದು, ಇನ್ನೊಂದಕ್ಕಾಗಿ ಮತ್ತೆ ಮುಚ್ಚಿ, ಹೀಗೆ ಪದೇಪದೇ ಬಡಿದಾಡದಿರಲೆಂದು ನೆಲದ ಮೇಲೆ ಮೂವತ್ತು ಸೆಕೆಂಡು ಕಾಯುವ ಏರ್ಪಾಡೂ ಅದರಲ್ಲಿದೆ. ಈಗ ಹಾರಾಡುತ್ತಿರುವ ಹೆಚ್ಚಿನ 737ಗಳಲ್ಲಿ ಇದು ಕೈಕೆಲಸ. ಎಂಜಿನ್ ಶುರುಮಾಡುವ ಮೊದಲು ಪ್ಯಾಕ್‌ಗಳ ಸ್ವಿಚ್ಚನ್ನು ಪೈಲಟ್‌ಗಳೇ ಆಫ್ ಮಾಡಬೇಕು, ಆಮೇಲೆ ಅವರೇ ನೆನಪಿಟ್ಟು ಹಾಕಬೇಕು.

ಕೈಕೆಲಸ ಎಂದಮೇಲೆ ಅಲ್ಲಿ ಮನುಷ್ಯನ ಗುಣ ಕಾಣುತ್ತದೆ. ಹೊರಡುವ ಮುಂಚಿನ ಕೆಲಸಗಳು ಒಂದರ ಹಿಂದೊಂದು ಇರುತ್ತವೆ, ಕೈ ತಾನಾಗಿ ಓಡುತ್ತದೆ. ಪ್ಯಾಕ್ ಸ್ವಿಚ್ಚನ್ನು ಹೇಗೂ ಆಫ್ ಮಾಡಲೇಬೇಕಲ್ಲ ಎಂದು ಬೇಗನೆ ಮಾಡಿ ಮುಗಿಸಿದರೆ ಕಾಕ್‌ಪಿಟ್ಟಿಗೆ ಒಂದು ಕೆಲಸ ಕಡಿಮೆ. ಆದರೆ ಹಿಂದಕ್ಕೆ ತಳ್ಳಲು ಅನುಮತಿ ಬರಬೇಕು, ಹಿಂದೆ ಇನ್ನೊಂದು ವಿಮಾನ ಹಾದುಹೋಗುತ್ತಿರಬಹುದು, ಕೆಳಗಿನ ಸಿಬ್ಬಂದಿ ಹೆಡ್‌ಸೆಟ್ಟಿನಲ್ಲಿ "ತಾಳಿ" ಎನ್ನಬಹುದು. ಎರಡು ನಿಮಿಷದ ಸೆಕೆ ಹತ್ತು ನಿಮಿಷವಾಗುವುದು ಹೀಗೆ. ಮುಂದೆ ಕೂತವರಿಗೆ ಅದರ ಅರಿವು ಕಡಿಮೆ. ಅವರ ಮನಸ್ಸೆಲ್ಲ ರೇಡಿಯೊದ ಮೇಲಿರುತ್ತದೆ. ಹಿಂದೆ, ಮೂವತ್ತನೆಯ ಸಾಲಿನಲ್ಲಿ, ಕೂಸನ್ನು ಮಡಿಲಲ್ಲಿಟ್ಟುಕೊಂಡ ತಾಯಿಗೆ ಅದು ದೀರ್ಘ ಕಾಲ. ವಿವೇಕಿಯಾದ ಪೈಲಟ್ ಸ್ವಿಚ್ಚನ್ನು ಕೊನೆಯ ಗಳಿಗೆಯವರೆಗೆ ಮುಟ್ಟುವುದಿಲ್ಲ. ಕಾಯಬೇಕಾಗಿ ಬಂದರೆ ಕಾಯುವಷ್ಟು ಹೊತ್ತು ಮತ್ತೆ ಹಾಕುತ್ತಾರೆ. ನಿಯಮದ ಪುಸ್ತಕದಲ್ಲಿ ಇದಕ್ಕಾಗಿ ಯಾರಿಗೂ ಬಹುಮಾನವಿಲ್ಲ. ಪ್ರಯಾಣಿಕರಿಗೂ ಗೊತ್ತಾಗುವುದಿಲ್ಲ. ಗೊತ್ತಾಗದೆ ಉಳಿಯುವ ಇಂಥ ಸೌಜನ್ಯವೇ ನನಗೆ ಹೆಚ್ಚು ದೊಡ್ಡದಾಗಿ ತೋರುತ್ತದೆ.

ಕೆಲವೊಮ್ಮೆ ಯಾರ ವಿವೇಕವೂ ಸಾಲದ ಸಂದರ್ಭಗಳಿರುತ್ತವೆ. ಬಾಲದ ಪುಟ್ಟ ಎಂಜಿನ್ನೇ ಕೆಟ್ಟಿದ್ದರೆ ವಿಮಾನ ಹೊರಡಬಾರದೆಂದೇನಿಲ್ಲ. ನಿಗದಿತ ನಿಯಮಗಳಿಗೆ ಒಳಪಟ್ಟು ಹೊರಡಬಹುದು. ಆಗ ಗಾಳಿ ಊದುವ ಗಾಡಿಯೊಂದನ್ನು ತಂದು, ದಪ್ಪ ಕೊಳವೆ ಜೋಡಿಸಿ, ನಿಂತಲ್ಲೇ ಒಂದು ಎಂಜಿನ್ನನ್ನು ಎಬ್ಬಿಸುತ್ತಾರೆ. ಎದ್ದ ಆ ಎಂಜಿನ್ ತನ್ನ ಗಾಳಿಯನ್ನು ಕೊಟ್ಟು ಇನ್ನೊಂದನ್ನು ಎಬ್ಬಿಸುತ್ತದೆ. ಅಂಥ ದಿನ ಸೆಕೆ ಹೆಚ್ಚು. ಮೈಸೂರು, ಹುಬ್ಬಳ್ಳಿಯಂಥ ನಿಲ್ದಾಣಗಳಿಂದ ಹಾರುವ ಎಟಿಆರ್ ವಿಮಾನಗಳಲ್ಲಿ ಬಾಲದ ಎಂಜಿನ್ ಇರುವುದೇ ಇಲ್ಲ. ಅದರ ಬದಲಿಗೆ ಬಲಗಡೆಯ ಎಂಜಿನ್ನಿನ ಪಂಕಕ್ಕೆ ಬ್ರೇಕು ಹಾಕಿ, ಪಂಕ ನಿಂತಿದ್ದರೂ ಒಳಗಿನ ತಿರುಳು ಮಾತ್ರ ಓಡುವಂತೆ ಮಾಡಿ, ಅದರಿಂದ ಗಾಳಿ, ಕರೆಂಟು ಪಡೆಯುವ ಏರ್ಪಾಡಿದೆ. 'ಹೋಟೆಲ್ ಮೋಡ್' ಎಂದು ಅದರ ಹೆಸರು. ಜನ ಎಡಗಡೆಯ ಹಿಂಬಾಗಿಲಿನಿಂದ ಹತ್ತುತ್ತಿರುವಾಗ ಬಲಗಡೆಯಲ್ಲಿ ಪಂಕ ತಿರುಗದೆಯೇ ಎಂಜಿನ್ ಸದ್ದು ಮಾಡುತ್ತಿರುವುದು ಇದರಿಂದಾಗಿಯೇ.

ಹೊಸ ತಲೆಮಾರಿನ ಎಂಜಿನ್‌ಗಳು ಇನ್ನೊಂದು ಸಂಗತಿಯನ್ನು ಕಲಿಸಿವೆ. ಎ320 ನಿಯೋ 2016ರಲ್ಲಿ ಬಳಕೆಗೆ ಬಂದಾಗ ಅದರ ಪ್ರಾಟ್ ಅಂಡ್ ವಿಟ್ನಿ ಎಂಜಿನ್‌ಗಳು ಶುರುವಾಗಲು ಹಳೆಯವಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿಯುತ್ತಿದ್ದವು. ಕಾರಣ ಸೂಕ್ಷ್ಮವಾದದ್ದು. ಎಂಜಿನ್ ನಿಂತ ಮೇಲೆ ಒಳಗಿನ ಬಿಸಿಗಾಳಿ ಮೇಲಕ್ಕೇರುತ್ತದೆ. ತಿರುಗದೆ ನಿಂತ ಅಚ್ಚಿನ ಮೇಲ್ಭಾಗ ಬಿಸಿಯಾಗಿಯೇ ಉಳಿದು, ಕೆಳಭಾಗ ಬೇಗ ತಣಿಯುತ್ತದೆ. ಇದರಿಂದ ಅಚ್ಚು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದ ಅಚ್ಚನ್ನು ಜೋರಾಗಿ ತಿರುಗಿಸಿದರೆ ಅದರ ಮೇಲಿನ ಅಲಗುಗಳ ತುದಿ ಸುತ್ತಲಿನ ಗೋಡೆಗೆ ಉಜ್ಜುತ್ತದೆ. ಹಾಗಾಗಿ ಮೊದಲು ಇಂಧನವಿಲ್ಲದೆ, ಬರೀ ಗಾಳಿಯಿಂದ ನಿಧಾನವಾಗಿ ತಿರುಗಿಸಿ, ಎಲ್ಲೆಡೆ ಒಂದೇ ಹದಕ್ಕೆ ತಣಿಸಿ, ಅಚ್ಚು ನೆಟ್ಟಗಾದ ಮೇಲೆ ಬೆಂಕಿ ಕೊಡಬೇಕು. ಆಮೇಲಿನ ಸುಧಾರಣೆಗಳಿಂದ ಆ ಹೊತ್ತು ಸಾಕಷ್ಟು ಕಡಿಮೆಯಾಗಿದೆ. ದಿನಕ್ಕೆ ಹಲವು ಬಾರಿ ಇಳಿದು ಏರುವ ವಿಮಾನದಲ್ಲಿ ಕೂತ ನಮಗೆ ಇದು ತಲುಪುವುದು ಇನ್ನೂ ಸ್ವಲ್ಪ ಸೆಕೆಯಾಗಿ. ಆ ಸೆಕೆಯ ಹಿಂದೆ ಒಂದು ಯಂತ್ರವನ್ನು ಅವಸರಪಡಿಸದೆ ನಡೆಸಿಕೊಳ್ಳುವ ತಾಳ್ಮೆ ಇದೆ.

ಗಾಳಿಯ ಈ ಕೊಡುಕೊಳ್ಳುವಿಕೆಯೇ ಬೇಡವೆಂದು ಕಟ್ಟಿದ ವಿಮಾನವೂ ಇದೆ. 2011ರಲ್ಲಿ ಪ್ರಯಾಣಿಕರ ಸೇವೆಗೆ ಬಂದ ಬೋಯಿಂಗ್ 787ರಲ್ಲಿ ಎಂಜಿನ್ ಶುರುವಾಗುವುದು ಕರೆಂಟಿನಿಂದ. ಕ್ಯಾಬಿನ್ನಿಗೆ ಗಾಳಿ ಒತ್ತುವುದೂ ಕರೆಂಟಿನ ಯಂತ್ರಗಳೇ. ಎಂಜಿನ್ನಿನ ಬಿಸಿಗಾಳಿಗೆ ಅಲ್ಲಿ ಈ ಕೆಲಸವಿಲ್ಲ. ಆದರೂ ನಮ್ಮ ದೇಶದೊಳಗಿನ ಹೆಚ್ಚಿನ ಹಾರಾಟಗಳು ಇವತ್ತಿಗೂ ಎ320, 737, ಎಟಿಆರ್‌ಗಳ ಮೇಲೆಯೇ ನಡೆಯುತ್ತಿವೆ. ಆದ್ದರಿಂದ ಈ ಸಣ್ಣ ಕಡ ಇನ್ನೂ ಬಹುಕಾಲ ನಮ್ಮ ಜೊತೆಗಿರುತ್ತದೆ.

ಇಷ್ಟೆಲ್ಲ ಹೇಳಿದ್ದು ಒಂದು ಘಟನೆಯ ಕಡೆಗೆ ಬರುವುದಕ್ಕಾಗಿ. 2018ರ ಸೆಪ್ಟೆಂಬರ್ 20ರ ಬೆಳಿಗ್ಗೆ ಮುಂಬೈಯಿಂದ ಜೈಪುರಕ್ಕೆ ಜೆಟ್ ಏರ್‌ವೇಸ್‌ನ 737 ವಿಮಾನವೊಂದು 166 ಪ್ರಯಾಣಿಕರನ್ನು ಹೊತ್ತು ಹೊರಟಿತು. ಮೇಲೇರಿದಂತೆ ಕ್ಯಾಬಿನ್ನಿನ ಗಾಳಿ ತೆಳುವಾಗುತ್ತ ಹೋಯಿತು. ಆಮ್ಲಜನಕದ ಮುಖವಾಡಗಳು ಮೇಲಿಂದ ಇಳಿಬಿದ್ದವು. ಮೂವತ್ತರಷ್ಟು ಜನರಿಗೆ ಮೂಗಿನಿಂದಲೋ ಕಿವಿಯಿಂದಲೋ ರಕ್ತ ಬಂತು. ವಿಮಾನ ಮುಂಬೈಗೆ ಮರಳಿತು. ಎಲ್ಲರೂ ಬದುಕಿ ಬಂದರು. ಕ್ಯಾಬಿನ್ನಿನ ಒತ್ತಡ ಕಾಯುವ ಸ್ವಿಚ್ಚನ್ನು ಹಾಕಲು ಸಿಬ್ಬಂದಿ ಮರೆತಿದ್ದರು ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅಂದೇ ಹೇಳಿತು. ಹಾರುವಾಗ ದೊಡ್ಡ ಎಂಜಿನ್‌ಗಳ ಗಾಳಿ ಪ್ಯಾಕ್‌ಗಳ ಮೂಲಕ ಒಳಗೆ ಬರಲು ಬಿಡುವ ದಾರಿ ಮುಚ್ಚಿಯೇ ಇತ್ತು.

ಸ್ವಿಚ್ಚನ್ನು ಆಫ್ ಮಾಡುವುದರಲ್ಲಿ ತಪ್ಪಿಲ್ಲ. ಆಫ್ ಇರಬೇಕಾದ ಹೊತ್ತಿದೆ, ಅದಕ್ಕೆ ತಕ್ಕ ಕಾರಣವೂ ಇದೆ. ಅಪಾಯವಿರುವುದು ಆಮೇಲೆ. ಏಕೆಂದರೆ ಎಂಜಿನ್ ಶುರುವಾಗದಿದ್ದರೆ ಕಾಕ್‌ಪಿಟ್ಟಿಗೆ ತಕ್ಷಣ ಗೊತ್ತಾಗುತ್ತದೆ, ಕೆಲಸವೇ ನಿಲ್ಲುತ್ತದೆ. ಪ್ಯಾಕ್ ಹಾಕದಿದ್ದರೆ ಆ ಕ್ಷಣಕ್ಕೆ ಏನೂ ನಿಲ್ಲುವುದಿಲ್ಲ. ವಿಮಾನ ಓಡುತ್ತದೆ, ಏರುತ್ತದೆ, ಎಲ್ಲ ಸರಿಯಿದೆಯೆಂದೇ ತೋರುತ್ತದೆ. ಯಾವುದನ್ನು ಮರೆತರೆ ಮರೆತವರಿಗೆ ಕೂಡಲೇ ತೊಂದರೆಯಿಲ್ಲವೋ ಅದನ್ನೇ ಮನುಷ್ಯ ಮೊದಲು ಮರೆಯುತ್ತಾನೆ. ವಿಮಾನ ಕಟ್ಟಿದವರಿಗೆ ಇದು ಗೊತ್ತಿತ್ತು. 737ರಲ್ಲಿ ನೆಲ ಬಿಟ್ಟ ಮೇಲೆ ಓದಬೇಕಾದ ಪಟ್ಟಿ ಇದೆ. ಅದರ ಮೊದಲ ಎರಡು ಸಾಲುಗಳು ಇವೇ: ಎಂಜಿನ್ನಿನ ಗಾಳಿ ತೆರೆದಿದೆಯೇ, ಪ್ಯಾಕ್‌ಗಳು ಆಟೊದಲ್ಲಿವೆಯೇ. ಚಕ್ರಗಳು ಒಳಗೆ ಮಡಚಿಕೊಂಡವೇ ಎಂಬ ಪ್ರಶ್ನೆ ಬರುವುದು ಅದರ ಆಮೇಲೆ. ಒಬ್ಬರು ಗಟ್ಟಿಯಾಗಿ ಓದಬೇಕು. ನೆನಪನ್ನು ನಂಬಿ ಕೂರಬಾರದು ಎಂಬುದು ಆ ವೃತ್ತಿಯವರು ಬಹಳ ಬೆಲೆ ತೆತ್ತು ಕಲಿತ ನಡತೆ.

ಮನೆ ನಡೆಸುವ ನಮ್ಮಂಥವರಿಗೆ ಇದು ದೂರದ ಮಾತಲ್ಲ. ಮನೆಯೆಂಬುದರಲ್ಲೂ ಇರುವ ಬಲ ಸೀಮಿತ. ಎಲ್ಲರಿಗೂ ಎಲ್ಲವನ್ನೂ ಒಂದೇ ಹೊತ್ತಿಗೆ ಕೊಡಲಾಗುವುದಿಲ್ಲ. ತಮ್ಮನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ, ಶುಲ್ಕ ಕಟ್ಟಬೇಕು. ಪಿಯುಸಿ ಮುಗಿಸಿದ ಅಕ್ಕನಿಗೆ ಅಪ್ಪ ಹೇಳುತ್ತಾರೆ, "ಒಂದೆರಡು ವರ್ಷ ತಡಿ ಮಗಳೇ, ಇವನದೊಂದು ದಾರಿಯಾಗಲಿ, ಆಮೇಲೆ ನಿನ್ನ ಡಿಗ್ರಿ." ಅಪ್ಪ ಕೆಟ್ಟವರಲ್ಲ, ಹೇಳಿದ್ದು ಮೋಸದ ಮಾತೂ ಅಲ್ಲ. ಅವರು ಹೇಳಿದ್ದನ್ನು ಮನಸ್ಸಿಟ್ಟೇ ಹೇಳಿದ್ದರು. ಅಕ್ಕ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ, ಹತ್ತಿರದ ಅಂಗಡಿಯಲ್ಲೋ ಕಚೇರಿಯಲ್ಲೋ ಲೆಕ್ಕ ಬರೆಯಲು ಹೋಗುತ್ತಾಳೆ. ತಮ್ಮ ಓದುತ್ತಾನೆ, ಗೆಲ್ಲುತ್ತಾನೆ, ಬೆಂಗಳೂರಿಗೆ ಹೋಗುತ್ತಾನೆ. ಮನೆಯ ದೊಡ್ಡ ಎಂಜಿನ್ ಶುರುವಾಯಿತು. ಎಲ್ಲರಿಗೂ ಸಂತೋಷ, ಅಕ್ಕನಿಗೂ. ಆಮೇಲೆ ಅವಳ ಮದುವೆ, ಮಕ್ಕಳು. ಆ ಒಂದೆರಡು ವರ್ಷ ಇಪ್ಪತ್ತಾಗುತ್ತದೆ. ಯಾರೂ ಬೇಕೆಂದು ತಡೆಹಿಡಿದದ್ದಲ್ಲ. ಮುಚ್ಚಿದ ದಾರಿಯನ್ನು ಮತ್ತೆ ತೆರೆಯುವುದು ಯಾರ ಕೆಲಸವೆಂದು ಯಾರೂ ಬರೆದಿಡಲಿಲ್ಲ.

ತ್ಯಾಗವನ್ನು ಹೊಗಳುವುದರಲ್ಲಿ ನಾವು ಧಾರಾಳಿಗಳು. ಮದುವೆ ಮನೆಯಲ್ಲಿ, ಗೃಹಪ್ರವೇಶದಲ್ಲಿ, "ಅಕ್ಕ ಇಲ್ಲದಿದ್ದರೆ ನಾನಿಲ್ಲ" ಎಂದು ಕಣ್ಣು ಒದ್ದೆ ಮಾಡಿಕೊಂಡ ತಮ್ಮಂದಿರನ್ನು ಎಷ್ಟೋ ಸಲ ನೋಡಿದ್ದೇವೆ. ಆ ಕಣ್ಣೀರು ನಿಜವಾದದ್ದೇ. ಆದರೆ ಅಕ್ಕ ಕೊಟ್ಟದ್ದು ದಾನವಾಗಿರಲಿಲ್ಲ, ತಿರುಗಿ ಬರುತ್ತದೆಂಬ ಮಾತಿನ ಮೇಲೆ ಕೊಟ್ಟ ಋಣ. ಅದನ್ನು ತ್ಯಾಗವೆಂದು ಕರೆದು ಹಾರ ಹಾಕಿಬಿಟ್ಟರೆ ತೀರಿಸುವ ಹೊಣೆ ಮೆಲ್ಲಗೆ ಜಾರಿಹೋಗುತ್ತದೆ. ನಾನು ಕೇಳಿಕೊಳ್ಳುವುದು ಅದಕ್ಕಿಂತ ಸರಳವಾದ, ಕೈಯಿಂದ ಮಾಡಬಹುದಾದ ಕೆಲಸ. ಯಾರಾದರೂ ಮನೆಯಲ್ಲಿ ತಮ್ಮದೊಂದನ್ನು ಬದಿಗಿಟ್ಟರೆ, ಅದು ಓದಾಗಿರಲಿ, ಸಂಗೀತದ ಪಾಠವಾಗಿರಲಿ, ಬಿಟ್ಟ ನೌಕರಿಯಾಗಿರಲಿ, ಮಂಡಿನೋವಿನ ಆಪರೇಷನ್ನೇ ಆಗಿರಲಿ, ಯಾಕೆ ಬದಿಗಿಟ್ಟರು, ಎಲ್ಲಿಯವರೆಗೆ, ಮತ್ತೆ ಶುರುಮಾಡಿಸುವವರು ಯಾರು ಎಂಬ ಮೂರನ್ನು ಅಂದೇ ಮಾತಾಡಿಕೊಂಡು ಗೋಡೆಯ ಕ್ಯಾಲೆಂಡರಿನಲ್ಲೋ ಲೆಕ್ಕದ ಪುಸ್ತಕದಲ್ಲೋ ಬರೆದಿಡುವುದು. ಆ ಹೊಣೆ ಗಾಳಿ ಕೊಟ್ಟವರ ಮೇಲೆ ಬೀಳಬಾರದು. ಬೆವರುತ್ತ ಕೂತ ಪ್ರಯಾಣಿಕ ಎದ್ದುಹೋಗಿ ಕಾಕ್‌ಪಿಟ್ಟಿನ ಬಾಗಿಲು ತಟ್ಟಲಾರ. ಅಕ್ಕನೂ ಕೇಳಲಾರಳು. ಕೇಳಿದರೆ ಲೆಕ್ಕ ಹಾಕಿದಂತಾಗುತ್ತದೆ ಎಂಬ ಸಂಕೋಚ ಅವಳನ್ನು ತಡೆಯುತ್ತದೆ. ಯಾರ ಎಂಜಿನ್ ಶುರುವಾಯಿತೋ ಅವರೇ ಸ್ವಿಚ್ಚಿನ ಹತ್ತಿರ ಕೂತವರು.

ಹೇಳಿ ಪಡೆಯುವುದಕ್ಕೂ ಹೇಳದೆ ಪಡೆಯುವುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ವಿಮಾನದಲ್ಲೇ ಗಮನಿಸಬಹುದು. ಕೆಲವು ಕ್ಯಾಪ್ಟನ್‌ಗಳು, ಕೆಲವು ಗಗನಸಖಿಯರು ಹಿಂದಕ್ಕೆ ತಳ್ಳುವ ಮೊದಲೇ ಒಂದು ಮಾತು ಹೇಳುತ್ತಾರೆ: ಎಂಜಿನ್ ಶುರುಮಾಡುವಾಗ ಎರಡು ಮೂರು ನಿಮಿಷ ತಂಪುಗಾಳಿ ಕಡಿಮೆಯಾಗುತ್ತದೆ, ಆಮೇಲೆ ಸರಿಹೋಗುತ್ತದೆ. ಸೆಕೆ ಅಷ್ಟೇ ಇರುತ್ತದೆ, ಆದರೆ ಗೊಣಗಾಟ ಇರುವುದಿಲ್ಲ. ಹೇಳದಿದ್ದ ದಿನ ಅದೇ ಜನ, ಅದೇ ಸೆಕೆ, ಕರೆಗಂಟೆಯ ಗುಂಡಿಗಳು ಒಂದಾದ ಮೇಲೊಂದು ಒತ್ತಲ್ಪಡುತ್ತವೆ. ಜನ ಸಾಮಾನ್ಯವಾಗಿ ಕೊಡಲು ಸಿದ್ಧರಾಗಿಯೇ ಇರುತ್ತಾರೆ. ತಮ್ಮನ್ನು ಕೇಳಲಿಲ್ಲವಲ್ಲ ಎಂಬುದು ಅವರಿಗೆ ಬೆವರಿಗಿಂತ ಹೆಚ್ಚು ಚುಚ್ಚುತ್ತದೆ. ಹೇಳುವವರು ಯಾರೂ ಇಲ್ಲದ ದಿನ ಗೊತ್ತಿದ್ದವರು ಪಕ್ಕದ ಹಿರಿಯರಿಗೆ ಹೇಳಬಹುದು. ಬಿಸಿಲು ಬೀಳುವ ಬದಿಯ ಕಿಟಕಿಯ ಪರದೆಯನ್ನು, ನಿಂತಿರುವಷ್ಟು ಹೊತ್ತು ಇಳಿಸಿಡಬಹುದು. ಓಡುದಾರಿಗೆ ಹೋಗುವ ಮೊದಲು ಸಿಬ್ಬಂದಿ ಹೇಳಿದಾಗ ಎತ್ತಿದರಾಯಿತು.

ಮನೆಯ ವಿಷಯಕ್ಕೆ ಬಂದರೆ, ತಡವಾಯಿತು ಎಂಬುದು ಅಷ್ಟು ಗಟ್ಟಿಯಾದ ಮಾತಲ್ಲ. ಮೈಸೂರಿನಲ್ಲಿ 1996ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಎಂದೋ ಪಿಯುಸಿ ಮುಗಿಸಿ ಓದು ನಿಲ್ಲಿಸಿದವರು ಮನೆಯಲ್ಲಿದ್ದೇ, ಕೆಲಸ ಮಾಡುತ್ತಲೇ ಅಲ್ಲಿ ಪದವಿ ಓದಬಹುದು. ರಾಜ್ಯದ ಹಲವು ಊರುಗಳಲ್ಲಿ ಅದರ ಪ್ರಾದೇಶಿಕ ಕೇಂದ್ರಗಳಿವೆ. ಇವತ್ತು ಬೆಂಗಳೂರಿನಲ್ಲೋ ದುಬೈಯಲ್ಲೋ ನೆಲೆಯಾಗಿರುವ ತಮ್ಮ ಒಂದು ಸಂಜೆ ಅಕ್ಕನಿಗೆ ಫೋನ್ ಮಾಡಿ, ಈ ಸಲದ ಅರ್ಜಿಗೆ ಕೊನೆಯ ದಿನ ಯಾವುದೆಂದು ತಾನೇ ವಿಚಾರಿಸಿಟ್ಟು, ಶುಲ್ಕ ತಾನೇ ಕಟ್ಟಿ, ಅವಳ ಹಳೆಯ ಅಂಕಪಟ್ಟಿ ಯಾವ ಟ್ರಂಕಿನಲ್ಲಿದೆಯೆಂದು ಕೇಳಬಹುದು. ಅವಳು ಮೊದಲು ನಕ್ಕು, "ಈಗೆಲ್ಲಿಯ ಓದು ಬಿಡೋ" ಎನ್ನುತ್ತಾಳೆ. ಫೋನ್ ಇಡದೆ ಇನ್ನೊಮ್ಮೆ ಕೇಳಬೇಕು.